ನಮ್ಮ ಪದ್ಮಿನಿಗೆ ಗಾಜಿನ ಪ್ಲಗ್ ಹಾಕಿ ನೋಡಿದೆ

ಹೋದ ನವೆಂಬರಿನಲ್ಲಿ ಅಪ್ಪನನ್ನೂ ಅವರ ಕಾರನ್ನೂ ಒಟ್ಟಿಗೇ ಮಂಗಳೂರಿನಿಂದ ಚಿಕ್ಕಮಗಳೂರಿಗೆ ಕರೆತಂದೆ. ಕಾರು 1984ರ ಪ್ರೀಮಿಯರ್ ಪದ್ಮಿನಿ. ಕೆನೆ ಬಣ್ಣ, ಸ್ಟೀರಿಂಗ್ ಪಕ್ಕದ ಗೇರು, ಕೆ.ಎ. ಬರುವುದಕ್ಕೂ ಮುಂಚಿನ ನಂಬರ್ ಪ್ಲೇಟು. ಅಪ್ಪನಿಗೆ 81. ಅವರು ಅದನ್ನು ಪದ್ಮಿನಿ ಅನ್ನುವುದೇ ಇಲ್ಲ. ಇವತ್ತಿಗೂ ‘ಫಿಯೆಟ್’ ಅಂತಲೇ ಕರೆಯುತ್ತಾರೆ.

ಚಾರ್ಮಾಡಿ ಘಾಟಿ ಹತ್ತುವಾಗ ಹಿಂದಿದ್ದ ಕಾರಿನವರು ಎರಡು ಸಲ ಹಾರ್ನ್ ಹೊಡೆದರು. ಆಮೇಲೆ ಪಕ್ಕಕ್ಕೆ ಬಂದು, ಕಿಟಕಿಯಿಂದ ಕೈ ಹಾಕಿ ನಮ್ಮ ಸೈಲೆನ್ಸರ್ ಕಡೆ ತೋರಿಸಿ ಹೋದರು. ಕಪ್ಪು ಹೊಗೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ನನ್ನ ಸೀರೆಯೆಲ್ಲ ಪೆಟ್ರೋಲ್ ವಾಸನೆ.

“ಎಂತ ಮಾರಾಯ್ತಿ, ಇದು ಪೆಟ್ರೋಲ್ ಕುಡಿಯುವುದಲ್ಲ, ಚೆಲ್ಲುವುದು” ಅಂದರು ಅಪ್ಪ.

ಕಾರ್ಬ್ಯುರೇಟರ್ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ. ಅದು ರಿಚ್ ಓಡುತ್ತಿದೆ ಅಂದರೆ ಗಾಳಿಗೆ ಬೇಕಾದ್ದಕ್ಕಿಂತ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಅರ್ಥ. ಅದರ ಗುರುತುಗಳೆಲ್ಲ ನಮ್ಮ ಕಾರಿನಲ್ಲಿದ್ದವು. ಸೈಲೆನ್ಸರ್ ಬಾಯಿಗೆ ಬೆರಳು ತಾಗಿಸಿದರೆ ಕಾಡಿಗೆಯಂಥ ಒಣ ಮಸಿ. ನಾಲ್ಕೂ ಪ್ಲಗ್ ಕಪ್ಪು. ಬಿಸಿಯಾದ ಮೇಲೆ, ಎಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವ ಐಡಲ್‌ನಲ್ಲಿ ಎಂಜಿನ್ ಏರುತ್ತಿತ್ತು, ಇಳಿಯುತ್ತಿತ್ತು, ಆಗಾಗ ಮಿಸ್ಸಿಂಗ್ ಹೊಡೆಯುತ್ತಿತ್ತು. ಲೀಟರಿಗೆ 8 ಕಿಲೋಮೀಟರ್ ಬಂದರೆ ಹೆಚ್ಚು. ಚಿಕ್ಕಮಗಳೂರಿನ ಬೆಳಗಿನ ಚಳಿಯಲ್ಲೂ ಚೋಕ್ ಎಳೆಯದೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಇದು ಒಳ್ಳೆಯ ಲಕ್ಷಣ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ತಣ್ಣನೆಯ ಎಂಜಿನ್ನಿಗೆ ಚೋಕ್ ಬೇಡ ಅಂದರೆ ಚೋಕ್ ಕೊಡುವಷ್ಟು ಪೆಟ್ರೋಲ್ ಆಗಲೇ ಹೋಗುತ್ತಿದೆ ಅಂತ.

ನನಗೆ ನಿಜಕ್ಕೂ ಹೆದರಿಕೆ ಆದದ್ದು ಆಯಿಲ್ ನೋಡಿ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಅದರಲ್ಲೂ ಪೆಟ್ರೋಲ್ ವಾಸನೆ. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಪಿಸ್ಟನ್ ರಿಂಗುಗಳು ಒಣಗಿ ಉಜ್ಜುತ್ತವೆ. ಹೀಗೇ ಓಡಿಸಿದರೆ ಎಂಜಿನ್ ಬಿಚ್ಚಬೇಕಾಗುತ್ತದೆ.

ಅದರ ಮೇಲೆ ಆರ್‌ಸಿ ರಿನ್ಯೂವಲ್ ಹತ್ತಿರ ಬಂದಿತ್ತು. ಎಮಿಷನ್ ಟೆಸ್ಟ್ ಮಾಡಿಸಿದೆ. ಇಷ್ಟು ಹಳೆಯ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3ರ ಒಳಗಿರಬೇಕು. ನಮ್ಮದು 6.4 ಬಂತು.

ಎರಡು ಕಡೆ ತೋರಿಸಿದೆ. ಇಬ್ಬರೂ ಮಾಡಿದ್ದು ಒಂದೇ. ಬಾನೆಟ್ ಎತ್ತಿ, ಕಿವಿಕೊಟ್ಟು ಕೇಳಿ, ಗಾಳಿ-ಪೆಟ್ರೋಲ್ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ತಿರುಗಿಸಿ, “ಆಯ್ತು ಮೇಡಂ” ಅಂದರು. ಎರಡು ದಿನಕ್ಕೆ ಮತ್ತೆ ಅದೇ ವಾಸನೆ. ಕಿವಿಯಿಂದ ಟ್ಯೂನ್ ಮಾಡುವವರ ಬಗ್ಗೆ ನನಗೆ ಗೌರವ ಇದೆ. ಅಪ್ಪ ಕೂಡ ಹಾಗೇ ಮಾಡುತ್ತಿದ್ದವರು. ಈಗ ಅವರಿಗೆ ಕಿವಿ ಅಷ್ಟು ಚುರುಕಿಲ್ಲ. ನನಗೆ ಆ ಅಭ್ಯಾಸವೇ ಇಲ್ಲ. ನನಗೆ ಬೇಕಾದ್ದು ಕಣ್ಣಿಗೆ ಕಾಣುವಂಥ ಏನಾದರೂ ಒಂದು.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಕ್ರಿಸ್‌ಮಸ್ ರಜೆಗೆ ಬರುವಾಗ ಅದನ್ನು ತಂದುಕೊಟ್ಟ. ಗನ್ಸನ್ ಕಂಪನಿಯ ಕಲರ್‌ಟ್ಯೂನ್. ಹಳೆ ಕಾರು ಇಟ್ಟುಕೊಂಡವರ ನಡುವೆ ಬಹಳ ವರ್ಷಗಳಿಂದ ಹೆಸರುವಾಸಿ. ಇದೊಂದು ಸ್ಪಾರ್ಕ್ ಪ್ಲಗ್. ಆದರೆ ಮಾಮೂಲಿ ಪ್ಲಗ್ಗಿನಲ್ಲಿ ಬಿಳಿ ಪಿಂಗಾಣಿ ಇರುವ ಜಾಗದಲ್ಲಿ ಇದಕ್ಕೆ ಗಾಜು. ಎಂಜಿನ್ ಓಡುತ್ತಿರುವಾಗಲೇ ಸಿಲಿಂಡರ್ ಒಳಗೆ ಉರಿಯುವ ಬೆಂಕಿಯನ್ನು ಹೊರಗಿನಿಂದ ನೋಡಬಹುದು. ಜೊತೆಗೆ ಪ್ಲಗ್ ವೈರಿಗೆ ಸೇರಿಸುವ ಒಂದು ಉದ್ದನೆಯ ತುಂಡು, ಇಣುಕಿ ನೋಡಲು ಕನ್ನಡಿ ಇರುವ ಒಂದು ಕೊಳವೆ. ಅಷ್ಟೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬನ್ಸನ್ ಬರ್ನರಿನ ಗಾಳಿಯ ತೂತು ಮುಚ್ಚಿದರೆ ಹಳದಿ ಉರಿ, ತೆರೆದರೆ ನೀಲಿ ಉರಿ ಅಂತ ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ. ಈ ಪ್ಲಗ್ ಹೇಳುವುದೂ ಅದನ್ನೇ. ಹಳದಿ, ಕಿತ್ತಳೆ ಕಂಡರೆ ರಿಚ್. ಬನ್ಸನ್ ಬರ್ನರಿನ ನೀಲಿ ಕಂಡರೆ ಸರಿ. ನೀಲಿ ತೆಳುವಾಗಿ ಬೆಳ್ಳಗಾದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಇದನ್ನು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಗ್ಯಾರೇಜಿನ ವಿದ್ಯೆ ಅಂದುಕೊಂಡದ್ದು ನನ್ನ ಕ್ಲಾಸಿನ ಟೇಬಲ್ ಮೇಲೇ ಇತ್ತು.

ಪ್ಲಗ್ ಹಾಕುವ ಮುಂಚೆ ಕೆಲವು ಕೆಲಸ ಮುಗಿಸಿದೆ. ಏರ್ ಫಿಲ್ಟರ್ ಹೊಸದು ಹಾಕಿದೆ. ಕಟ್ಟಿಕೊಂಡ ಫಿಲ್ಟರ್ ಇದ್ದರೆ ಯಾವ ಕಾರೂ ರಿಚ್ ಆಗುತ್ತದೆ. ಪಾಯಿಂಟ್ಸ್ ಗ್ಯಾಪ್, ಟೈಮಿಂಗ್ ಸರಿಮಾಡಿಸಿದೆ. ಸ್ಪಾರ್ಕ್ ಸರಿಯಿಲ್ಲದೆ ಮಿಕ್ಸ್ಚರ್ ಹಿಡಿಯಲು ಹೋದರೆ ಸುಮ್ನೆ ಸುತ್ತಿದಲ್ಲೇ ಸುತ್ತುತ್ತೇವೆ. ಚೋಕ್ ಕೇಬಲ್ ನೋಡಿದೆ. ಡ್ಯಾಶ್‌ಬೋರ್ಡಿನ ಗುಬುಟು ಪೂರ್ತಿ ಒಳಗೆ ಹೋದರೂ ಕಾರ್ಬ್ಯುರೇಟರ್ ಮೇಲಿನ ಸನ್ನೆ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಅಂದರೆ ಚೋಕ್ ಕೂದಲೆಳೆಯಷ್ಟು ಎಳೆದ ಹಾಗೇ ಇತ್ತು. ಕೇಬಲ್ ಸ್ವಲ್ಪ ಸಡಿಲಿಸಿ ಬಿಗಿದೆ. ಹೊಗೆ ತುಸು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಇನ್ನು ಪ್ಲಗ್ಗಿನ ವಿಷಯ. ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಅದಕ್ಕೇ ನಾನು ಹತ್ತು ಕಿಲೋಮೀಟರ್ ಓಡಿಸಿ ಬಂದೆ. ಆಫ್ ಮಾಡಿ, ಒಂದು ಮೈಕೋ ಪ್ಲಗ್ ಬಿಚ್ಚಿ, ಆ ಜಾಗಕ್ಕೆ ಗಾಜಿನ ಪ್ಲಗ್ಗನ್ನು ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಕೊನೆಗೆ ಸ್ಪ್ಯಾನರಿನಲ್ಲಿ ಹಗುರಾಗಿ ಒಂದು ಮುಟ್ಟು. ಗಾಜು, ಜೋರು ಬೇಡ. ಪ್ಲಗ್ ವೈರ್ ಸಿಕ್ಕಿಸಿ ಸ್ಟಾರ್ಟ್ ಮಾಡಿದೆ.

ಮಟಮಟ ಮಧ್ಯಾಹ್ನ ಇದನ್ನು ಮಾಡಲು ಹೋಗಬೇಡಿ. ಬಿಸಿಲಿನಲ್ಲಿ ಒಳಗಿನ ಬಣ್ಣ ಗೊತ್ತಾಗುವುದಿಲ್ಲ. ನಾನು ಸಂಜೆ ಆರೂವರೆಗೆ ಕೂತೆ, ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಕತ್ತಲೆ. ಕತ್ತಲೆ ಬೇಕು ಅಂತ ಶೆಡ್ಡಿನ ಬಾಗಿಲು ಮಾತ್ರ ಹಾಕಬೇಡಿ. ರಿಚ್ ಓಡುವ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿರುತ್ತದೆ ಅಂತ ಮೇಲೆ ಹೇಳಿದ್ದೇನಲ್ಲ, ಅದಕ್ಕೆ ವಾಸನೆಯೂ ಇಲ್ಲ. ಕಾರಿನ ಹಿಂಭಾಗ ಹೊರಗಿರುವ ಹಾಗೆ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದಿಟ್ಟಿದ್ದೆ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡೆ, ಫ್ಯಾನ್ ಅಲ್ಲೇ ಇರುತ್ತದೆ. ಅಪ್ಪ ಶಾಲು ಹೊದ್ದು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು.

ಕೊಳವೆಯಲ್ಲಿ ಇಣುಕಿದೆ. ಹಳದಿ. ದೀಪಾವಳಿಯ ಹಣತೆಯ ಹಾಗೆ ದಟ್ಟ ಹಳದಿ, ಮಿಣಮಿಣ ಅನ್ನುತ್ತಿತ್ತು. ಅಪ್ಪನಿಗೂ ತೋರಿಸಿದೆ. ಐವತ್ತು ವರ್ಷ ಕಾರು ಓಡಿಸಿದವರು ಎಂಜಿನ್ ಒಳಗಿನ ಬೆಂಕಿಯನ್ನು ಕಂಡದ್ದು ಅದೇ ಮೊದಲು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ.

ನಮ್ಮ ಸೋಲೆಕ್ಸ್ ಕಾರ್ಬ್ಯುರೇಟರಿನಲ್ಲಿ ಐಡಲ್ ಮಿಕ್ಸ್ಚರ್ ಸ್ಕ್ರೂ ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. ಕೆಲವು ಬೇರೆ ಕಾರ್ಬ್ಯುರೇಟರುಗಳಲ್ಲಿ ಆ ಸ್ಕ್ರೂ ಗಾಳಿಯದ್ದಾಗಿರುತ್ತದೆ, ಅಲ್ಲಿ ಇದಕ್ಕೆ ಉಲ್ಟಾ. ನಿಮ್ಮದು ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ನಾನು ಕಾಲು ಸುತ್ತು ಒಳಗೆ ತಿರುಗಿಸಿ, ಹತ್ತು ಸೆಕೆಂಡ್ ಕಾದು, ನೋಡಿದೆ. ಹಳದಿ. ಇನ್ನೊಂದು ಕಾಲು ಸುತ್ತು. ಹಳದಿ. ಹೀಗೆ ಸ್ಕ್ರೂ ಪೂರ್ತಿ ಕೂತೇಬಿಟ್ಟಿತು. ನಿಯಮದ ಪ್ರಕಾರ ಎಂಜಿನ್ ನಿಲ್ಲಬೇಕು, ಐಡಲ್ ಪೆಟ್ರೋಲಿನ ದಾರಿಯೇ ಮುಚ್ಚಿತಲ್ಲ. ಎಂಜಿನ್ ಓಡುತ್ತಲೇ ಇತ್ತು. ಬೆಂಕಿ ಹಳದಿಯಾಗಿಯೇ ಇತ್ತು.

ನನ್ನ ಮಟ್ಟಿಗೆ ಈ ಪ್ಲಗ್ಗಿನ ಪೂರ್ತಿ ಬೆಲೆ ಆ ಒಂದು ನಿಮಿಷದಲ್ಲಿದೆ. ಎಲ್ಲರೂ ತಿರುಗಿಸುತ್ತಿದ್ದ ಸ್ಕ್ರೂಗೂ ನಮ್ಮ ಕಾರಿನ ಹೊಗೆಗೂ ಸಂಬಂಧವೇ ಇರಲಿಲ್ಲ. ಪೆಟ್ರೋಲ್ ಬೇರೆ ಎಲ್ಲಿಂದಲೋ ಬರುತ್ತಿತ್ತು. ಕಿವಿಗೆ ಕೇಳಿಸದ್ದು ಕಣ್ಣಿಗೆ ಕಂಡಿತು.

ಮಾರನೆಯ ದಿನ ಕಾಫಿ ತೋಟಗಳ ಹಳೆ ಜೀಪುಗಳನ್ನು ರಿಪೇರಿ ಮಾಡುವ ಒಬ್ಬ ಮೇಸ್ತ್ರಿಯನ್ನು ಮನೆಗೇ ಕರೆಸಿದೆ. ಸ್ಕ್ರೂ ಪೂರ್ತಿ ಮುಚ್ಚಿದರೂ ಓಡುತ್ತದೆ ಅಂದ ತಕ್ಷಣ ಅವರು, “ಹಾಗಾದ್ರೆ ಮೇಲಿಂದ ಬೀಳ್ತಾ ಇದೆ ಮೇಡಂ” ಅಂದರು. ಫಿಲ್ಟರ್ ಡಬ್ಬಿ ತೆಗೆದು, ಎಂಜಿನ್ ಐಡಲ್‌ನಲ್ಲಿರುವಾಗ ಟಾರ್ಚ್ ಬಿಟ್ಟು ದೂರದಿಂದ ತೋರಿಸಿದರು. ಕಾರ್ಬ್ಯುರೇಟರ್ ಗಂಟಲಿನ ನಡುವಿನ ನಳಿಗೆಯ ತುದಿಯಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್ ಬೀಳುತ್ತಿತ್ತು. ಆ ನಳಿಗೆ ಎಕ್ಸಿಲರೇಟರ್ ಒತ್ತಿದಾಗ ಮಾತ್ರ ಪೆಟ್ರೋಲ್ ಕೊಡಬೇಕಾದ್ದು. ಐಡಲ್‌ನಲ್ಲಿ ಒಣಗಿರಬೇಕು. (ಸ್ಟಾರ್ಟ್ ಮಾಡುವ ಹೊತ್ತಿಗೆ ಯಾರೂ ಅಲ್ಲಿ ಮುಖ ಇಡಬೇಡಿ. ಬ್ಯಾಕ್‌ಫೈರ್ ಆದರೆ ಬೆಂಕಿ ಮೇಲಕ್ಕೆ ಹೊಡೆಯುತ್ತದೆ.)

ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯಲ್ಲಿ (ಫ್ಲೋಟ್ ಚೇಂಬರ್) ಪೆಟ್ರೋಲ್ ಮಟ್ಟ ಮೇಲಿದೆ. ಮುಚ್ಚಳ ಬಿಚ್ಚಿದರು. ಅದರಲ್ಲಿ ತೇಲುವ ಟೊಳ್ಳು ಫ್ಲೋಟನ್ನು ಅಲ್ಲಾಡಿಸಿ ಕಿವಿಗೆ ಹಿಡಿದರು, ಒಳಗೆ ಪೆಟ್ರೋಲ್ ಕುಲುಕುವ ಸದ್ದಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿದರು, ಗುಳ್ಳೆ ಬರಲಿಲ್ಲ. ಫ್ಲೋಟ್ ಸರಿ ಇದೆ. ಆಮೇಲೆ, ಫ್ಲೋಟ್ ಏರಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವ್ ಬಿಚ್ಚಿದರು. ಮಂಗಳೂರಿನಲ್ಲಿದ್ದಾಗ ಒಂದು ಗ್ಯಾರೇಜಿನಲ್ಲಿ ಅದನ್ನು ಹೊಸದು ಹಾಕಿಸಿದ್ದರು ಅಪ್ಪ. ವಾಲ್ವ್ ಚೆನ್ನಾಗಿಯೇ ಇತ್ತು. ತಪ್ಪು ಇದ್ದದ್ದು ಅದರ ಜೊತೆಗಿನ ವಾಷರಿನಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೋಲೆಕ್ಸ್ ಇಟ್ಟುಕೊಂಡವರಿಗೆಲ್ಲ ಇದು ಬೇಕು. ನೀಡಲ್ ವಾಲ್ವ್ ಮುಚ್ಚಳಕ್ಕೆ ಕೆಳಗಿನಿಂದ ತಿರುಪಿನಲ್ಲಿ ಕೂರುತ್ತದೆ, ನಡುವೆ ಒಂದು ವಾಷರ್. ಪೆಟ್ರೋಲ್ ಮಟ್ಟ ನಿರ್ಧಾರ ಆಗುವುದು ಈ ವಾಷರಿನ ದಪ್ಪದಿಂದ. ದಪ್ಪ ಇದ್ದರೆ ವಾಲ್ವ್ ಕೆಳಗೆ ನಿಲ್ಲುತ್ತದೆ, ಏರುವ ಫ್ಲೋಟ್ ಬೇಗ ತಾಗಿ ಪೆಟ್ರೋಲ್ ನಿಲ್ಲಿಸುತ್ತದೆ. ತೆಳು ಇದ್ದರೆ ವಾಲ್ವ್ ಮೇಲೆ ಹೋಗುತ್ತದೆ, ಮುಚ್ಚುವುದು ತಡವಾಗುತ್ತದೆ, ಮಟ್ಟ ಏರುತ್ತದೆ, ನಳಿಗೆ ತೊಟ್ಟಿಕ್ಕುತ್ತದೆ. ನಮ್ಮ ಕಾರಿನಲ್ಲಿದ್ದದ್ದು ಅರ್ಧ ಮಿಲಿಮೀಟರ್ ಕೂಡ ಇಲ್ಲದ ಒಂದು ತೆಳು ಬಿಲ್ಲೆ. ಮೇಸ್ತ್ರಿ ತಮ್ಮ ಡಬ್ಬಿಯಿಂದ ಒಂದು ಮಿಲಿಮೀಟರ್ ದಪ್ಪದ ವಾಷರ್ ಹುಡುಕಿ ಹಾಕಿದರು. ಎಂಜಿನ್ ಓಡಿಸಿ ಟಾರ್ಚ್ ಬಿಟ್ಟೆವು. ನಳಿಗೆ ಒಣಗಿತ್ತು.

ಆವತ್ತು ಸಂಜೆ ಮತ್ತೆ ಗಾಜಿನ ಪ್ಲಗ್ ಹಾಕಿದೆ. ಸ್ಕ್ರೂ ಪೂರ್ತಿ ಒಳಗೆ ಹಾಕಿದರೆ ಎಂಜಿನ್ ನಿಂತಿತು. ಅದು ನಿಂತದ್ದು ನೋಡಿ ಅಪ್ಪ ಚಪ್ಪಾಳೆ ತಟ್ಟಿದರು. ಒಂದೂವರೆ ಸುತ್ತು ಹೊರಗೆ ಬಿಟ್ಟು ಶುರುಮಾಡಿದೆ. ಸ್ವಲ್ಪ ಹೊರಗೆ ತಂದರೆ ಹಳದಿ ಮಿಂಚುತ್ತದೆ. ಅಲ್ಲಿಂದ ಒಳಗೆ ತರುತ್ತ ಹೋದರೆ ಹಳದಿ ಒಡೆದು, ನಡುನಡುವೆ ನೀಲಿ ಬಂದು, ಒಂದು ಕಡೆ ಪೂರ್ತಿ ನೀಲಿ ನಿಲ್ಲುತ್ತದೆ. ಆ ಜಾಗದಲ್ಲಿ ಬಿಟ್ಟೆ. ಐಡಲ್ ಸ್ಪೀಡ್ ಏರಿತ್ತು, ಅದನ್ನು ಇನ್ನೊಂದು ಸ್ಕ್ರೂನಲ್ಲಿ ಇಳಿಸಿದೆ. ಮತ್ತೆ ಮಿಕ್ಸ್ಚರ್ ಒಂದು ಚೂರು. ಎಕ್ಸಿಲರೇಟರನ್ನು ಫಟ್ಟನೆ ಎಳೆದರೆ ಒಂದು ಕ್ಷಣ ಹಳದಿ ಬಂದು ಹೋಗುತ್ತದೆ. ಅದು ತಪ್ಪಲ್ಲ, ಪಿಕಪ್ಪಿಗೆ ಪಂಪ್ ಕೊಡುವ ಪೆಟ್ರೋಲ್. ಸ್ಪೀಡನ್ನು ನಿಧಾನವಾಗಿ ಏರಿಸಿ ಹಿಡಿದರೆ ನೀಲಿ ಉಳಿಯಬೇಕು. ಉಳಿಯಿತು.

ಈ ಪ್ಲಗ್ಗಿಗೆ ಆಗದ ಕೆಲಸವೂ ಇದೆ. ಇದನ್ನು ಹಾಕಿಕೊಂಡು ರಸ್ತೆಗೆ ಹೋಗುವಂತಿಲ್ಲ. ನಿಂತಲ್ಲೇ ನೋಡಲು ಮಾತ್ರ ಇದು. ಹಾಗಾಗಿ ಐಡಲ್ ಎಷ್ಟು ಸರಿ ಅಂತ ಹೇಳುತ್ತದೆ. ಏರಿನಲ್ಲಿ ಎಂಜಿನ್ ಎಳೆಯುವಾಗ ಮೇನ್ ಜೆಟ್ (ಓಡುವಾಗ ಪೆಟ್ರೋಲ್ ಹೋಗುವ ಅಳತೆಯ ತೂತು) ಎಷ್ಟು ಕೊಡುತ್ತಿದೆ ಅಂತ ಹೇಳಲಾರದು. ನನಗೆ ಆ ಅನುಮಾನವೂ ಇತ್ತು. ಕಾರಣ ಊರು. ಕಾರು ತಯಾರಾದದ್ದು ಮುಂಬೈಯ ಕುರ್ಲಾದಲ್ಲಿ, ಓಡಿದ್ದು ಮಂಗಳೂರಿನಲ್ಲಿ, ಎರಡೂ ಸಮುದ್ರದ ಪಕ್ಕ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಕಾರ್ಬ್ಯುರೇಟರಿಗೆ ಇದು ಗೊತ್ತಾಗುವುದಿಲ್ಲ. ಜೆಟ್ಟಿನ ತೂತು ಅದೇ, ಪೆಟ್ರೋಲ್ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಹಾಕಿದರೆ ಸುಮಾರು ಶೇಕಡಾ 5ರಷ್ಟು ರಿಚ್ ಆಗಬೇಕು.

ಸೋಲೆಕ್ಸ್ ಜೆಟ್ ಮೇಲಿನ ನಂಬರ್ ಅಂದರೆ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 125 ಅಂದರೆ 1.25 ಮಿಲಿಮೀಟರ್. ಒಂದು ಮೆಟ್ಟಿಲು ಚಿಕ್ಕ ಜೆಟ್ ಹಾಕೋಣವೇ ಅಂತ ಯೋಚಿಸಿದೆ. ಆಮೇಲೆ ಇನ್ನೊಂದು ಲೆಕ್ಕ ನೆನಪಾಯಿತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಈ ಪೆಟ್ರೋಲ್ ಲೀನ್ ಓಡುತ್ತದೆ. ಎತ್ತರ ಒಂದು ಕಡೆ ಎಳೆದರೆ ಎಥನಾಲ್ ಇನ್ನೊಂದು ಕಡೆ ಎಳೆಯುತ್ತದೆ.

ಲೆಕ್ಕ ಲೆಕ್ಕವೇ, ನೋಡದೆ ನಂಬುವುದು ಬೇಡ ಅಂತ ಹೊಸ ಮಾಮೂಲಿ ಪ್ಲಗ್ ಹಾಕಿ ಕೈಮರದಿಂದ ಮೇಲಿನ ಏರಿನಲ್ಲಿ ಎಳೆಸಿದೆ. ಹಿಂದೆಮುಂದೆ ಗಾಡಿ ಇಲ್ಲದ, ಅಗಲ ಇರುವ ಜಾಗ ನೋಡಿ, ಕ್ಲಚ್ ಒತ್ತಿ, ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿದೆ. ಹೀಗೆ ಮಾಡಿದರೆ ಎಂಜಿನ್ ಎಳೆಯುತ್ತಿದ್ದಾಗಿನ ಬಣ್ಣ ಪ್ಲಗ್ ಮೇಲೆ ಹಾಗೇ ಉಳಿಯುತ್ತದೆ. ಬಿಚ್ಚಿ ನೋಡಿದರೆ ನಾಲ್ಕೂ ತಿಳಿ ಕಂದು, ಬಿಸ್ಕತ್ತಿನ ಬಣ್ಣ. ಮೇನ್ ಜೆಟ್ ಮುಟ್ಟಲಿಲ್ಲ. ಚಿಕ್ಕ ಜೆಟ್ ಹಾಕಿದ್ದರೆ ಇದೇ ಏರಿನಲ್ಲಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿತ್ತು.

ಎಂಜಿನ್ ಆಯಿಲ್ ಬದಲಾಯಿಸಿದೆ. ಪೆಟ್ರೋಲ್ ಬೆರೆತದ್ದನ್ನು ಇಟ್ಟುಕೊಳ್ಳಬಾರದು. ಹಳೆ ರಬ್ಬರ್ ಪೈಪುಗಳನ್ನೂ ಎಥನಾಲ್ ತಾಳುವಂಥದಕ್ಕೆ ಬದಲಾಯಿಸಿದೆ. ಎಮಿಷನ್ ಟೆಸ್ಟಿನಲ್ಲಿ ಈ ಸಲ 1.8. ಲೀಟರಿಗೆ ಈಗ 12 ಕಿಲೋಮೀಟರ್ ಬರುತ್ತಿದೆ.

ಇದನ್ನು ಕೊಳ್ಳಬೇಕೇ? ನಾಲ್ಕು ಮಾಮೂಲಿ ಪ್ಲಗ್ಗಿನ ಎಷ್ಟೋ ಸೆಟ್ ಬರುವಷ್ಟು ದುಡ್ಡು ಇದಕ್ಕೆ. ವರ್ಷಕ್ಕೆ ಎರಡು ಸಲ ಮಾತ್ರ ಕಾರು ತೆಗೆಯುವವರಿಗೆ, ಹತ್ತಿರದಲ್ಲೇ ಒಳ್ಳೆಯ ಹಳೆ ಮೇಸ್ತ್ರಿ ಇರುವವರಿಗೆ ಬೇಡ. ನನ್ನ ಹಾಗೆ ಕಿವಿಯ ಅಭ್ಯಾಸ ಇಲ್ಲದೆ, ತಾವೇ ಮಾಡಬೇಕು ಅನ್ನುವ ಆಸೆ ಇರುವವರಿಗೆ ಖಂಡಿತ ಬೇಕು. ಇಬ್ಬರು ಮೂವರು ಸೇರಿ ಒಂದು ತರಿಸಿಕೊಂಡರೂ ಸಾಕು. ಟ್ಯೂನ್ ಮಾಡುವ ದಿನ ಬಿಟ್ಟರೆ ಇದು ಡಬ್ಬಿಯಲ್ಲೇ ಇರುವ ವಸ್ತು. ಎಂಜಿನ್ ಆಯಿಲ್ ತಿನ್ನುತ್ತಿದ್ದರೆ ಗಾಜಿಗೆ ಬೇಗ ಮಸಿ ಹಿಡಿದು ಬಣ್ಣ ಕಾಣುವುದಿಲ್ಲ, ಅಂಥ ಎಂಜಿನ್ನಿಗೆ ಮೊದಲು ರಿಂಗಿನ ಕೆಲಸ ಆಗಬೇಕು.

ನಮ್ಮ ಪದ್ಮಿನಿಯ ಪ್ಲಗ್ ಥ್ರೆಡ್ 14 ಮಿಲಿಮೀಟರ್, ನಾನು ತರಿಸಿದ್ದೂ ಅದೇ ಅಳತೆಯದ್ದು. ಬೇರೆ ಕಾರು ಅಥವಾ ಬೈಕಿಗೆ ಬೇಕಾದರೆ ಪ್ಲಗ್ ಬಿಚ್ಚಿ ಥ್ರೆಡ್ ಅಳೆದುಕೊಂಡೇ ತರಿಸಿ. 10, 12 ಮಿಲಿಮೀಟರ್ ಥ್ರೆಡ್ಡಿಗೆ ಅಡಾಪ್ಟರ್ ಬೇರೆ ಕೊಳ್ಳಬೇಕು. ಜೊತೆಗೆ ನೀಡಲ್ ವಾಲ್ವ್ ವಾಷರುಗಳನ್ನು ಎರಡು ಮೂರು ದಪ್ಪದಲ್ಲಿ ತೆಗೆದಿಟ್ಟುಕೊಳ್ಳಿ.